ಕಂಪಾಸ್ ಸರಿಯಾಗಿಯೇ ಇತ್ತು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಲಿಬಿಯಾದ ಮರುಭೂಮಿಯಲ್ಲಿ ಸಿಕ್ಕ ‘ಲೇಡಿ ಬಿ ಗುಡ್’ ಎಂಬ ಬಾಂಬರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಕಂಪಾಸ್ ಇತ್ತು, ರೇಡಿಯೊ ಇತ್ತು, ದಾರಿ ನೋಡಲೆಂದೇ ಒಬ್ಬ ನ್ಯಾವಿಗೇಟರ್ ಇದ್ದ. ಆದರೂ ಇಳಿಯಬೇಕಾದ ಜಾಗ ದಾಟಿ 700 ಕಿ.ಮೀ. ಹೋಗುತ್ತಾರೆ ಅಂದರೆ ಅದು ಶುದ್ಧ ಬೇಜವಾಬ್ದಾರಿ ಅಲ್ವಾ? ಕೆಳಗೆ ಇರುವುದು ಸಮುದ್ರವೋ ಮರಳೋ ಗೊತ್ತಾಗುವುದಿಲ್ಲವೇ? ಹಾರಿಕೊಂಡ ಮೇಲಾದರೂ ವಿಮಾನ ಹುಡುಕಿಕೊಂಡು ಅದರ ಹತ್ತಿರವೇ ಇರಬಾರದಿತ್ತೇ? ಆ ವಿಮಾನಕ್ಕೆ ಶಾಪವಿತ್ತು ಅನ್ನುತ್ತಾರೆ, ನಿಜವೇ? ಅದು ಈಗ ಎಲ್ಲಿದೆ?”

ಶಾಪದ ವಿಷಯ ಮೊದಲೇ ಮುಗಿಸಿಬಿಡೋಣ. ಅದರ ಬಿಡಿಭಾಗ ಹಾಕಿದ ವಿಮಾನಗಳಿಗೆಲ್ಲ ಅಪಘಾತವಾಯಿತು ಎಂಬ ಕತೆಗಳು ಬೇಕಾದಷ್ಟಿವೆ. ಅವು ಕತೆಗಳಾಗಿಯೇ ಇರಲಿ ಬಿಡಿ.

ಬೇಜವಾಬ್ದಾರಿ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1943ರ ಏಪ್ರಿಲ್ 4ರ ಮಧ್ಯಾಹ್ನ. ಬೆಂಗಾಜಿ ಹತ್ತಿರದ ಸೊಲುಕ್ ಎಂಬ ಕಡೆಯಿಂದ ಅಮೆರಿಕದ 25 ಬಿ-24 ಲಿಬರೇಟರ್ ವಿಮಾನಗಳು ಇಟಲಿಯ ನೇಪಲ್ಸ್ ಬಂದರಿನ ಮೇಲೆ ಬಾಂಬ್ ಹಾಕಲು ಹೊರಟವು. ಧೂಳಿನ ಬಿರುಗಾಳಿ ಎದ್ದಿತ್ತು. ತಡವಾಗಿ ಹೊರಟವುಗಳಲ್ಲಿ ‘ಲೇಡಿ ಬಿ ಗುಡ್’ ಕೂಡ ಒಂದು. ಅದರಲ್ಲಿದ್ದ ಒಂಬತ್ತು ಜನರ ತಂಡಕ್ಕೆ ಅದೇ ಮೊದಲ ದಾಳಿ. ಪೈಲಟ್ ವಿಲಿಯಂ ಹ್ಯಾಟನ್, ನ್ಯಾವಿಗೇಟರ್ ಡಿ. ಪಿ. ಹೇಸ್. ನೇಪಲ್ಸ್ ಹತ್ತಿರ ಹೋಗುವಷ್ಟರಲ್ಲಿ ಕತ್ತಲಾಗಿತ್ತು, ಗುರಿ ಕಾಣಲಿಲ್ಲ. ಬಾಂಬುಗಳನ್ನು ಸಮುದ್ರಕ್ಕೆ ಹಾಕಿ, ಜೊತೆಗೆ ಯಾರೂ ಇಲ್ಲದೆ ಒಬ್ಬಂಟಿಯಾಗಿ ವಾಪಸ್ ಹೊರಟರು.

(ಇದೇ ಲಿಬರೇಟರ್ ನಮಗೂ ಹೊಸದೇನಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಇಂಥ ಹಲವು ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ರಿಪೇರಿ ಮಾಡಿ ಹಾರುವಂತೆ ಮಾಡಿದರು. ನಮ್ಮ ವಾಯುಪಡೆ ಅವನ್ನು 1968ರ ವರೆಗೆ ಬಳಸಿತು.)

ಈಗ ನಿಮ್ಮ ಕಂಪಾಸ್ ಪ್ರಶ್ನೆ. ಮೂಗು ಯಾವ ದಿಕ್ಕಿಗಿದೆ ಅನ್ನುವುದನ್ನಷ್ಟೇ ಕಂಪಾಸ್ ಹೇಳುತ್ತದೆ. ನೀವು ಎಲ್ಲಿದ್ದೀರಿ ಅಂತ ಹೇಳುವುದಿಲ್ಲ. ಅದನ್ನು ನ್ಯಾವಿಗೇಟರ್ ಲೆಕ್ಕ ಹಾಕಿ ತೆಗೆಯಬೇಕು: ಇಷ್ಟು ವೇಗ, ಈ ದಿಕ್ಕು, ಇಷ್ಟು ಹೊತ್ತು, ಗಾಳಿ ಇಷ್ಟು ತಳ್ಳಿರಬಹುದು. ಈ ಕೊನೆಯದೇ ತಲೆನೋವು. ದಿಕ್ಕು ಬರೀ 10 ಡಿಗ್ರಿ ತಪ್ಪಿದರೂ 100 ಕಿ.ಮೀ.ಗೆ 17 ಕಿ.ಮೀ. ಪಕ್ಕಕ್ಕೆ ಹೋಗಿರುತ್ತೀರಿ. ಗಾಳಿ ಹಿಂದಿನಿಂದ ಬೀಸಿದರೆ ದಿಕ್ಕೇನೂ ತಪ್ಪುವುದಿಲ್ಲ, ಆದರೆ ಅಂದುಕೊಂಡದ್ದಕ್ಕಿಂತ ಬೇಗ ಊರು ಬಂದುಬಿಡುತ್ತದೆ. ಹಗಲಾದರೆ ಕೆಳಗಿನ ಅಲೆಯನ್ನೋ ನೆಲವನ್ನೋ ನೋಡಿ ಗಾಳಿಯ ಅಂದಾಜು ಸಿಗುತ್ತದೆ. ಅವತ್ತು ಅಮಾವಾಸ್ಯೆ. ಯುದ್ಧದ ಸಮಯ, ಕರಾವಳಿಯಲ್ಲಿ ದೀಪ ಹಾಕುವಂತಿಲ್ಲ. ಕಪ್ಪು ಸಮುದ್ರ ಮುಗಿದು ಕಪ್ಪು ಮರಳು ಶುರುವಾದದ್ದು ಮೇಲಿನಿಂದ ಕಾಣುವುದು ಹೇಗೆ ಹೇಳಿ?

ಮಧ್ಯರಾತ್ರಿ ದಾಟಿ 12 ನಿಮಿಷಕ್ಕೆ ಹ್ಯಾಟನ್ ರೇಡಿಯೊದಲ್ಲಿ ಕೇಳಿದರು: ದಿಕ್ಕು ಹುಡುಕುವ ನಮ್ಮ ಯಂತ್ರ ಕೆಲಸ ಮಾಡುತ್ತಿಲ್ಲ, ನಾವು ಎಲ್ಲಿದ್ದೇವೆ ಹೇಳಿ. ಬೆಂಗಾಜಿ ಪಕ್ಕದ ಬೆನಿನಾ ಕೇಂದ್ರದಿಂದ ಉತ್ತರ ಬಂತು: 330 ಡಿಗ್ರಿ. ಉತ್ತರ ದಿಕ್ಕನ್ನು ಸೊನ್ನೆ ಅಂತಿಟ್ಟುಕೊಂಡು ಬಲಕ್ಕೆ ಎಣಿಸಿದರೆ ಅದು ವಾಯವ್ಯ. ಕೇಂದ್ರದಿಂದ ನೋಡಿದರೆ ವಿಮಾನ ಆ ಕಡೆ ಇದೆ ಅಂತ ಅರ್ಥ.

ಎಲ್ಲವೂ ಇರುವುದು ಈ ಒಂದು ಸಂಖ್ಯೆಯಲ್ಲೇ. ನೆಲದ ಕೇಂದ್ರದಲ್ಲಿ ಲೂಪ್ ಆಂಟೆನಾ ಇರುತ್ತಿತ್ತು. ಅದನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಸದ್ದು ಪೂರ್ತಿ ಕುಗ್ಗುತ್ತದೆ. ಸಿಗ್ನಲ್ ಬರುತ್ತಿರುವ ಗೆರೆ ಯಾವುದು ಅಂತ ಅದರಿಂದ ತಿಳಿಯುತ್ತದೆ. ತೊಂದರೆ ಏನೆಂದರೆ ಅದೇ ಗೆರೆಯ ಆ ತುದಿಯಿಂದ ಬಂದರೂ ಈ ತುದಿಯಿಂದ ಬಂದರೂ ಸದ್ದು ಒಂದೇ ರೀತಿ ಕುಗ್ಗುತ್ತದೆ. ಯಾವ ತುದಿ ಅಂತ ತಿಳಿಯಲು ಇನ್ನೊಂದು ಆಂಟೆನಾ ಜೋಡಿಸಿ ನೋಡಬೇಕು. ನಿಮ್ಮ ಊರಿನದೇ ಉದಾಹರಣೆ ಹೇಳುವುದಾದರೆ, ರಾತ್ರಿ ಹುಬ್ಬಳ್ಳಿಯಿಂದ ಬರುತ್ತಿರುವವರು ಫೋನ್ ಮಾಡಿ ‘ಎಲ್ಲಿದ್ದೇನೆ?’ ಅಂತ ಕೇಳಿದಾಗ ‘ಹೈವೇ ಮೇಲಿದ್ದೀರಿ’ ಅಂದಂತೆ. ಮಾತು ನಿಜ. ಆದರೆ ದಾವಣಗೆರೆ ಇನ್ನೂ ಬಂದಿಲ್ಲವೋ, ದಾಟಿ ಚಿತ್ರದುರ್ಗದ ಕಡೆ ಹೋಗಿಬಿಟ್ಟಿದ್ದಾರೋ?

ಅಟ್ಲಾಸ್ ತೆಗೆದು ನೋಡಿ. ಬೆನಿನಾದಿಂದ ನೇಪಲ್ಸ್ ಇರುವುದು ಹೆಚ್ಚುಕಡಿಮೆ 330 ಡಿಗ್ರಿಯಲ್ಲೇ. ಅಂದರೆ ವಾಪಸ್ ಬರುವವರು ಇರಬೇಕಾದ ಗೆರೆ ಅದೇ. ಅದರ ಇನ್ನೊಂದು ತುದಿ 150 ಡಿಗ್ರಿ, ಆಗ್ನೇಯ ದಿಕ್ಕು, ನೇರ ಸಹಾರಾದ ಒಳಕ್ಕೆ. ವಿಮಾನ ಸಿಕ್ಕ ಜಾಗಕ್ಕೆ ಬೆನಿನಾದಿಂದ ಒಂದು ಗೆರೆ ಎಳೆದು ನೋಡಿ, ಅದು ಕೂಡ 150ರ ಹತ್ತಿರವೇ ಬರುತ್ತದೆ. ಹ್ಯಾಟನ್ ತಂಡ ಆಗಲೇ ತಮ್ಮ ನೆಲೆಯನ್ನು ದಾಟಿತ್ತು, ಸಿಗ್ನಲ್ ಕೇಂದ್ರಕ್ಕೆ ಆಗ್ನೇಯದ ಕಡೆಯಿಂದ ಹೋಗುತ್ತಿತ್ತು ಎಂಬುದು ಆಮೇಲೆ ಬಂದ ತೀರ್ಮಾನ. ಕಂಪಾಸ್ ಸರಿ, ಗೆರೆ ಸರಿ, ಮೂಗಿನ ದಿಕ್ಕೂ ಸರಿ. ಯಾವುದಾದರೂ ಒಂದು ಕೆಟ್ಟಿದ್ದರೆ, ಯಾವುದಾದರೂ ಒಂದು ತಾಳೆಯಾಗದೆ ಹೋಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತೇನೋ. ಎಲ್ಲವೂ ತಾಳೆಯಾಗಿದ್ದರಿಂದಲೇ ಅವರು ಇನ್ನೂ ಸುಮಾರು ಎರಡು ಗಂಟೆ ಹಾರಿದರು.

ಹೇಸ್ ನಕ್ಷತ್ರ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಕಾಶ ಕಾಣುತ್ತಿದ್ದರೆ, ಹೌದು. ಧ್ರುವ ನಕ್ಷತ್ರ ದಕ್ಷಿಣಕ್ಕೆ ಹೋದಷ್ಟೂ ಕೆಳಗೆ ಕಾಣುತ್ತದೆ; ಅದು ಎಷ್ಟು ಎತ್ತರದಲ್ಲಿದೆ ಅಂತ ಅಳೆದಿದ್ದರೆ ಬೆಂಗಾಜಿ ದಾಟಿ ದಕ್ಷಿಣಕ್ಕೆ ಬಂದಿರುವುದು ಗೊತ್ತಾಗುತ್ತಿತ್ತು. ಅವರ ಕೆಲಸದಲ್ಲಿ ಕೊರತೆ ಹುಡುಕುವುದಾದರೆ ಇಲ್ಲೇ ಹುಡುಕಬೇಕು. ಆದರೆ ನೆಲದಿಂದಲೇ ಉತ್ತರ ಬಂದಿದೆ, ಆ ಉತ್ತರ ನಿಮ್ಮ ಲೆಕ್ಕಕ್ಕೆ ಹೊಂದುತ್ತಿದೆ. ಮೊದಲ ದಾಳಿಯಲ್ಲಿ ಸುಸ್ತಾಗಿರುವ ಹುಡುಗ ಆ ಕ್ಷಣದಲ್ಲಿ ಉಪಕರಣ ಎತ್ತಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಾನಾ? ನಾನಾಗಿದ್ದರೆ ಮಾಡುತ್ತಿರಲಿಲ್ಲ.

ಇಂಧನ ಮುಗಿಯುತ್ತ ಬಂದಾಗ, ರಾತ್ರಿ 2 ಗಂಟೆ ಸುಮಾರಿಗೆ ಎಲ್ಲರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಕೆಳಗೆ ಎಂಟು ಜನ ಸೇರಿಕೊಂಡರು. ಒಂಬತ್ತನೆಯವರಾದ ಜಾನ್ ವೊರಾವ್ಕಾ ಸಿಗಲಿಲ್ಲ, ಅವರ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ. ಪೈಲಟ್ ಇಲ್ಲದ ವಿಮಾನ ತಾನಾಗಿಯೇ ಇನ್ನೂ 26 ಕಿ.ಮೀ. ಹೋಗಿ ಮರಳಿನ ಮೇಲೆ ಜಾರಿ ಬಿತ್ತು.

ವಿಮಾನದ ಹತ್ತಿರ ಯಾಕೆ ಹೋಗಲಿಲ್ಲ ಅಂದಿರಿ. ಅದು ಅಷ್ಟು ಹತ್ತಿರ, ಅಷ್ಟು ಗಟ್ಟಿಯಾಗಿ ಉಳಿದಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅದರಲ್ಲಿ ನೀರಿತ್ತು, ಸ್ವಲ್ಪ ಊಟ ಇತ್ತು, ರೇಡಿಯೊ ಇತ್ತು. 1959ರಲ್ಲಿ ಜನ ಹೋಗಿ ನೋಡಿದಾಗ ಆ ರೇಡಿಯೊ ಇನ್ನೂ ಕೆಲಸ ಮಾಡುತ್ತಿತ್ತು, ಮೆಷಿನ್ ಗನ್‌ನಿಂದ ಗುಂಡು ಕೂಡ ಹಾರಿತು. ಇತ್ತ ಎಂಟು ಜನ ಹೊರಟದ್ದು ವಾಯವ್ಯಕ್ಕೆ. ಆಕಾಶದಲ್ಲಿದ್ದಾಗಲೇ ಹಿಂತಿರುಗಬೇಕಾಗಿದ್ದ ದಿಕ್ಕು ನೆಲದ ಮೇಲೆ ಸಿಕ್ಕಿತ್ತು. ತಪ್ಪಿದ್ದು ದೂರ. ಕರಾವಳಿ ಇಷ್ಟೊಂದು ದೂರವಿದೆ ಎಂಬ ಕಲ್ಪನೆಯೇ ಅವರಿಗೆ ಇದ್ದಂತಿಲ್ಲ. ಬೂಟುಗಳನ್ನು ಬಾಣದ ಆಕಾರದಲ್ಲಿಟ್ಟು, ಪ್ಯಾರಾಚೂಟ್ ಬಟ್ಟೆ ಹರಿದು ಕಲ್ಲು ಹೇರಿ, ಹಿಂದೆ ಹುಡುಕಿ ಬರುವವರಿಗೆ ಗುರುತು ಮಾಡುತ್ತ ನಡೆದರು. ಸಹಪೈಲಟ್ ರಾಬರ್ಟ್ ಟೋನರ್ ದಿನಾ ಡೈರಿ ಬರೆದರು. ಇದ್ದದ್ದು ಅರ್ಧ ಬಾಟಲಿ ನೀರು, ಒಬ್ಬರಿಗೆ ದಿನಕ್ಕೆ ಒಂದು ಮುಚ್ಚಳ. ಬಿಸಿಲು, ವಾಯವ್ಯದ ಗಾಳಿ, ನಿದ್ದೆ ಮಾಡಲು ಬಿಡದ ಚಳಿ, ಎಲ್ಲ ಚುಟುಕಾಗಿ ಬರೆದಿದ್ದಾರೆ. ಕೊನೆಯದು ಏಪ್ರಿಲ್ 12ರದು: ಇನ್ನೂ ಸಹಾಯ ಬಂದಿಲ್ಲ, ರಾತ್ರಿ ತುಂಬಾ ಚಳಿ. ಐದು ಜನ ಸುಮಾರು 130 ಕಿ.ಮೀ. ನಡೆದು ಕುಸಿದರು. ಮೂವರು ಸಹಾಯ ಹುಡುಕಿಕೊಂಡು ಮುಂದೆ ಹೋದರು. ಅವರಲ್ಲಿ ಇಬ್ಬರು ಇನ್ನೂ 30 ಕಿ.ಮೀ.ಗೂ ಹೆಚ್ಚು ಆಚೆ ಸಿಕ್ಕರು. ಅಷ್ಟು ನೀರಿನಲ್ಲಿ ಅಷ್ಟು ದೂರ! ಇಂಥವರನ್ನು ಬೇಜವಾಬ್ದಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಹಾಯ ಬರದೇ ಇದ್ದದ್ದಕ್ಕೂ ಅದೇ 330 ಕಾರಣ. ವಿಮಾನ ಸಮುದ್ರಕ್ಕೆ ಬಿದ್ದಿದೆ ಅಂದುಕೊಂಡು ಹುಡುಕಾಟ ನಡೆದದ್ದು ಮೆಡಿಟರೇನಿಯನ್ ಮೇಲೆ.

ವಿಮಾನದ ಪಕ್ಕದಲ್ಲೇ ಇದ್ದರೆ ಬದುಕುತ್ತಾರೆ ಅನ್ನುವುದೂ ಸುಮ್ನೆ ಹೇಳುವ ಮಾತಲ್ಲ, ಅದರಲ್ಲಿ ಹುರುಳಿದೆ. ಆದರೆ ಅದಕ್ಕೂ ಮಿತಿಯಿದೆ. 1942ರ ಮೇ 4ರಂದು ಇದೇ ಲಿಬಿಯಾದ ಕುಫ್ರಾ ಓಯಸಿಸ್‌ನಿಂದ ದಕ್ಷಿಣ ಆಫ್ರಿಕಾದ ಮೂರು ಬ್ಲೆನ್‌ಹೈಮ್ ವಿಮಾನಗಳು ಸುತ್ತಮುತ್ತಲ ಪರಿಚಯಕ್ಕೆಂದು ಹಾರಿದವು. ದಾರಿ ತಪ್ಪಿ ಮರಳಿನಲ್ಲಿ ಇಳಿದವು. ಅಲ್ಲಿಂದ ಉಳಿದ ಪೆಟ್ರೋಲ್‌ನಲ್ಲಿ ಆ ಕಡೆ ಈ ಕಡೆ ಹಾರಿ ನೋಡಿದರು, ಕುಫ್ರಾ ಸಿಗಲಿಲ್ಲ. ನೀರು ಬೇಗ ಮುಗಿಯಿತು. ಕಂಪಾಸ್ ಒಳಗಿನ ಆಲ್ಕೋಹಾಲ್ ಕುಡಿದರು. ತಂಪಾಗಲೆಂದು ಬೆಂಕಿ ಆರಿಸುವ ಸಿಲಿಂಡರ್ ಮೈಮೇಲೆ ಬಿಟ್ಟುಕೊಂಡರು, ಅದರಿಂದ ಜಾಸ್ತಿ ಹಾನಿಯೇ ಆಯಿತು. ಒಂದು ವಾರಕ್ಕೆ ಹುಡುಕುವವರು ಬಂದರು. 12 ಜನರಲ್ಲಿ ಉಳಿದದ್ದು ಒಬ್ಬರೇ. ಎಲ್ಲಿ ಹುಡುಕಬೇಕು ಅಂತ ಬೇಗ ಗೊತ್ತಾಗದಿದ್ದರೆ ಪಕ್ಕದಲ್ಲಿ ವಿಮಾನವಿದ್ದು ಏನು ಪ್ರಯೋಜನ?

ಇನ್ನು ‘ಲೇಡಿ ಬಿ ಗುಡ್’ ಈಗ ಎಲ್ಲಿದೆ ಎಂಬ ಪ್ರಶ್ನೆ. ಅದನ್ನು ಮೊದಲು ಕಂಡದ್ದು 1958ರಲ್ಲಿ, ತೈಲ ಹುಡುಕುತ್ತಿದ್ದ ಬ್ರಿಟಿಷರು. 1960ರ ಫೆಬ್ರವರಿಯಲ್ಲಿ ಐದು ಜನರ ದೇಹಗಳು ಸಿಕ್ಕವು, ಆ ವರ್ಷವೇ ಇನ್ನೂ ಮೂವರದು. ಗನ್ನರ್ ವರ್ನನ್ ಮೂರ್ ಅವರ ದೇಹ ಸಿಕ್ಕಿದ್ದು ದಾಖಲೆಯಲ್ಲಿ ಇಲ್ಲ. ವಿಮಾನದ ಅವಶೇಷವನ್ನು 1994ರಲ್ಲಿ ಲಿಬಿಯಾದವರು ಟೊಬ್ರುಕ್‌ಗೆ ಸಾಗಿಸಿದರು. ಅದರ ಕೆಲವು ವಸ್ತುಗಳು ಅಮೆರಿಕದ ಡೇಟನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿವೆ.

– ಸಂಪಾದಕ