ಸ್ಮಾರ್ಟ್ ಬೋರ್ಡಿನಲ್ಲಿ ವಿಡಿಯೋ ಬಿಟ್ಟು ಬೇರೆ ಎಂತ ಮಾಡಬಹುದು?

ನಿಮ್ಮ ಹೈಸ್ಕೂಲಿಗೆ ಸ್ಮಾರ್ಟ್ ಬೋರ್ಡ್ ಬಂದಿದೆ, ವಿಡಿಯೋ ಹಾಕುವುದು ಬಿಟ್ಟು ಬೇರೆ ಉಪಯೋಗ ಉಂಟಾ ಅಂತ ಕೇಳಿದ್ದೀರಿ. ಉಂಟು ಮಾರಾಯ್ರೆ. ನಾನು ಕುಂದಾಪುರ ಕಡೆ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಲ ವರ್ಷ ನಾನೂ ಸುಮ್ನೆ ವಿಡಿಯೋ ಹಾಕಿ ನಿಲ್ಲುತ್ತಿದ್ದೆ. ಬಿಸಿಯೂಟ ಆದ ಮೇಲಿನ ಪೀರಿಯಡ್ಡು, ಕಿಟಕಿ ಬೇರೆ ಮುಚ್ಚಿದ್ದು, ಕೇಳಬೇಕಾ? ಹಿಂದಿನ ಬೆಂಚಿನವರಿಗೆ ಹತ್ತು ನಿಮಿಷದಲ್ಲಿ ನಿದ್ರೆ.

ಈಗ ಕಪ್ಪು ಹಲಗೆಯಲ್ಲಿ ತೋರಿಸಲು ಆಗದ್ದಕ್ಕೆ ಮಾತ್ರ ಅದನ್ನು ಆನ್ ಮಾಡುತ್ತೇನೆ.

10ನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ನೋಡಿ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ, ವಾಪಸ್ ಬರುವಾಗ ಕಮ್ಮಿ ಇರುತ್ತದೆ ಅಂತ ಸುಮಾರು ಮಕ್ಕಳ ನಂಬಿಕೆ. ಬೋರ್ಡ್ ಆನ್ ಮಾಡುವ ಮೊದಲೇ ಕೇಳುತ್ತೇನೆ, ಬಲ್ಬಿನ ಈಚೆ ಒಂದು, ಆಚೆ ಒಂದು ಅಮ್ಮೀಟರ್ (ಕರೆಂಟ್ ಅಳೆಯುವ ಮೀಟರ್) ಇಟ್ಟರೆ ಯಾವುದರಲ್ಲಿ ಜಾಸ್ತಿ? ಕೈ ಎತ್ತಿಸಿ ಲೆಕ್ಕ ಬರೆದಿಡುತ್ತೇನೆ. ಆಮೇಲೆ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ (ಪರದೆಯ ಮೇಲೆ ಪ್ರಯೋಗ ಮಾಡಿ ನೋಡುವ ಪ್ರೋಗ್ರಾಂ) ತೆರೆದು, ಸರ್ಕ್ಯೂಟ್ ಜೋಡಿಸುವುದನ್ನು ಮಕ್ಕಳಿಗೇ ಬಿಡುವುದು. ಕಳೆದ ಸರ್ತಿ ಒಬ್ಬಳು ಬಂದು ತಂತಿ, ಬಲ್ಬು, ಅಮ್ಮೀಟರ್ ಎಲ್ಲ ಎಳೆದು ಇಟ್ಟಳು. ಎರಡರಲ್ಲೂ ಒಂದೇ ರೀಡಿಂಗ್. ತಂತಿಯೊಳಗೆ ಎಲೆಕ್ಟ್ರಾನ್ ತೋರಿಸುವ ನೀಲಿ ಚುಕ್ಕೆಗಳು ಎರಡು ಕಡೆಯೂ ಒಂದೇ ವೇಗದಲ್ಲಿ ಹೋಗುತ್ತಾ ಇವೆ. ಅವಳು ಅಲ್ಲೇ ನಿಂತು ಕೇಳಿದ್ದು, "ಹಾಗಾದ್ರೆ ಖರ್ಚಾಗುವುದು ಎಂತದು ಸರ್?" ನನಗೆ ಬೇಕಾಗಿದ್ದೂ ಅದೇ ಪ್ರಶ್ನೆ. ಖರ್ಚಾಗುವುದು ಶಕ್ತಿ, ಕರೆಂಟಲ್ಲ ಅಂತ ಹೇಳಿ ವೋಲ್ಟೇಜ್ ಪಾಠ ಅಲ್ಲಿಂದಲೇ ಶುರು ಮಾಡಿದೆ. (ಸಿಮ್ಯುಲೇಶನ್ನಿನಲ್ಲಿ ಶಾರ್ಟ್ ಮಾಡಿದರೆ ಪರದೆಯ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಗಂಡು ಮಕ್ಕಳು ಮೊದಲು ಮಾಡುವುದೇ ಅದು, ಬಿಡಿ.)

ಗಣಿತದವರಾದರೆ ಜಿಯೋಜೀಬ್ರಾ ನೋಡಿ, ಆಕೃತಿ ಬಿಡಿಸಿ ಎಳೆದು ನೋಡುವ ಗಣಿತದ ಸಾಫ್ಟ್‌ವೇರ್ ಅದು. ಅರ್ಧವೃತ್ತದ ಮೇಲಿನ ಬಿಂದುವನ್ನು ಎಲ್ಲಿಗೆ ಎಳೆದರೂ, ವ್ಯಾಸದ ಎರಡು ತುದಿಗೆ ಗೆರೆ ಎಳೆದಾಗ ಅಲ್ಲಿ ಆಗುವ ಕೋನ 90 ಡಿಗ್ರಿಯೇ ಇರುವುದನ್ನು ಮಕ್ಕಳು ತಾವೇ ಎಳೆದು ನೋಡಬೇಕು. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾದಲ್ಲಿ (ಸರಕಾರದ ಆನ್‌ಲೈನ್ ಕಲಿಕಾ ವೇದಿಕೆ) ಸಿಗುವುದನ್ನು ನಾನು ಮನೆಯಲ್ಲಿ ನೋಡಿ ತಯಾರಿಗೆ ಇಟ್ಟುಕೊಳ್ಳುತ್ತೇನೆ, ಅಷ್ಟೇ.

ನೆಟ್ ನಂಬಬೇಡಿ. ಫೆಟ್ ಫೈಲ್ ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹಾಕಿದರೆ ಬ್ರೌಸರಿನಲ್ಲಿ ನೆಟ್ ಇಲ್ಲದೆಯೂ ಓಡುತ್ತದೆ. ಆದರೆ ಜುಲೈ ಮಳೆಗೆ ನಮ್ಮಲ್ಲಿ ಕರೆಂಟೇ ಇರುವುದಿಲ್ಲ ಅಲ್ವಾ? ಅದಕ್ಕೆ ಚೀಲದಲ್ಲಿ ಎರಡು ಸೆಲ್ಲು, ಒಂದು ಟಾರ್ಚ್ ಬಲ್ಬು, ಸ್ವಲ್ಪ ತಂತಿ ಯಾವಾಗಲೂ ಇರುತ್ತದೆ.