ಗುಡ್ಡದ ಸೈಕಲ್, ಹೆಣ್ಣುಮಕ್ಕಳ ಉಡುಪು: ನಿಮ್ಮ ಪ್ರಶ್ನೆಗೆ ದರ್ಜಿಯ ಉತ್ತರ

ಮೂಡಿಗೆರೆಯಲ್ಲಿ ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಭಾನುವಾರ ಅಂಗಡಿಗೆ ಬೀಗ ಬೀಳುತ್ತದೆ, ನಾನು ಕಾಫಿ ತೋಟಗಳ ನಡುವಿನ ಕಲ್ಲುದಾರಿಗಳಲ್ಲಿ ಸೈಕಲ್ ಮೇಲಿರುತ್ತೇನೆ. ಮೌಂಟನ್ ಬೈಕಿಂಗ್ ಮಾಡುವ ಮಹಿಳೆಯರು ಉಡುಪಿನ ಬಗ್ಗೆ ಪ್ರಶ್ನೆ ಕಳಿಸಲಿ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಬಹಳಷ್ಟು "ಯಾವ ಕಂಪನಿಯದು ಕೊಳ್ಳಲಿ?" ಎಂದೇ ಕೇಳಿವೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಕೊಡುವ ಮನಸ್ಸೂ ಇಲ್ಲ. ಒಂದೇ ಕಂಪನಿಯ 'ಮೀಡಿಯಂ' ಈ ವರ್ಷ ಒಂದು ಅಳತೆ, ಮುಂದಿನ ವರ್ಷ ಇನ್ನೊಂದು. ಉಳಿದವುಗಳಲ್ಲಿ ಕೆಲವನ್ನು ಎತ್ತಿಕೊಂಡಿದ್ದೇನೆ.

ತೋಟದ ದಾರಿಯಲ್ಲಿ ಹತ್ತಿಯ ಲೆಗ್ಗಿಂಗ್ಸ್ ತೊಟ್ಟು ಸೈಕಲ್ ಹೊಡೆಯುತ್ತೇನೆ. ಒಂದೂವರೆ ಗಂಟೆಯಾಗುವಷ್ಟರಲ್ಲಿ ತೊಡೆಸಂದಿ ಉಜ್ಜಿ ಉರಿಯುತ್ತದೆ. ಸೀಟಿಗೆ ತಾಗುವ ಕಡೆ ಪ್ಯಾಡ್ ಇರುವ ಸೈಕಲ್ ಚಡ್ಡಿ ಕೊಳ್ಳಲು ಹೋಗಿದ್ದೆ. ಅದರೊಳಗೆ ಬೇರೆ ಒಳಉಡುಪು ಹಾಕಬಾರದು ಎಂದು ಅಂಗಡಿಯವರು ಹೇಳಿದಾಗ ನಾಚಿಕೆಯಾಗಿ ಹಿಂದಿರುಗಿದೆ. ಅದು ನಿಜವೇ?
— ಓದುಗಿ, ಸಕಲೇಶಪುರ ತಾಲ್ಲೂಕು

ನಿಜ. ಆ ಪ್ಯಾಡ್ ಇರುವುದೇ ಚರ್ಮಕ್ಕೆ ನೇರವಾಗಿ ತಾಗಲೆಂದು. ನಡುವೆ ಒಳಉಡುಪು ಬಂದರೆ ಅದರ ಅಂಚಿನ ಎಲಾಸ್ಟಿಕ್ ಮತ್ತು ಹೊಲಿಗೆ ತೊಡೆಸಂದಿಯಲ್ಲೇ ಕೂತು ಉಜ್ಜುತ್ತವೆ. ನೀವು ಯಾವುದರಿಂದ ತಪ್ಪಿಸಿಕೊಳ್ಳಲು ದುಡ್ಡು ಕೊಟ್ಟಿರೋ ಅದನ್ನೇ ಮತ್ತೆ ಒಳಗೆ ಬಿಟ್ಟುಕೊಂಡಂತಾಗುತ್ತದೆ. ಹತ್ತಿಯ ಲೆಗ್ಗಿಂಗ್ಸ್‌ನ ತೊಂದರೆ ಬೇರೆ. ಹತ್ತಿ ಬೆವರನ್ನು ಕುಡಿಯುತ್ತದೆ, ಆದರೆ ಬಿಡುವುದಿಲ್ಲ. ಒದ್ದೆಯಾದ ಹತ್ತಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಪ್ರತಿ ತುಳಿತಕ್ಕೂ ಎಳೆಯುತ್ತದೆ. ಅದರ ಮೇಲೆ ನಾಲ್ಕು ಹೊಲಿಗೆಗಳು ಬಂದು ಸೇರುವ ಗಂಟು ಸರಿಯಾಗಿ ಸೀಟಿನ ಮೇಲೆ ಕೂರುತ್ತದೆ. ಜೀನ್ಸ್ ಆದರಂತೂ ಆ ಗಂಟು ಎಂಟು ಪದರ ದಪ್ಪ. ಜೀನ್ಸ್ ತೊಟ್ಟು ಗುಡ್ಡ ಹತ್ತುವವರನ್ನು ಕಂಡರೆ ನನಗೆ ಸಿಟ್ಟಲ್ಲ, ಅಯ್ಯೋ ಎನಿಸುತ್ತದೆ.

ಆದ್ದರಿಂದ ಪ್ಯಾಡ್ ಚಡ್ಡಿ ಕೊಳ್ಳಿ. ಹೆಲ್ಮೆಟ್ ಬಿಟ್ಟರೆ, ಹೊಸದಾಗಿ, ಒಳ್ಳೆಯದನ್ನೇ ಕೊಳ್ಳಬೇಕಾದ ಮೂರು ವಸ್ತುಗಳಲ್ಲಿ ಅದು ಮೊದಲನೆಯದು. ಉಳಿದೆರಡು, ಸ್ಪೋರ್ಟ್ಸ್ ಬ್ರಾ ಮತ್ತು ಪೂರ್ತಿ ಬೆರಳು ಮುಚ್ಚುವ ಕೈಗವಸು. ಗಂಡಸರ ಪ್ಯಾಡ್ ಚಡ್ಡಿ ಸಾಕು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೂತಾಗ ಭಾರ ಹೊರುವ ಎರಡು ಮೂಳೆಗಳು ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು ಅಗಲದಲ್ಲಿರುತ್ತವೆ. ಪ್ಯಾಡಿನ ದಪ್ಪ ಭಾಗ ಸರಿಯಾಗಿ ಅವುಗಳ ಕೆಳಗೆ ಬರಬೇಕು. ತುಂಬ ದಪ್ಪದ ಪ್ಯಾಡ್ ಬೇಡ. ಅದು ಟಾರು ರಸ್ತೆಯಲ್ಲಿ ಗಂಟೆಗಟ್ಟಲೆ ಕೂತೇ ಇರುವವರಿಗೆ. ಗುಡ್ಡ ಇಳಿಯುವಾಗ ನಾವು ಪೆಡಲಿನ ಮೇಲೆ ನಿಂತು ಹಿಂದಕ್ಕೆ ಜರುಗುತ್ತೇವೆ, ಮತ್ತೆ ಮುಂದೆ ಬರುತ್ತೇವೆ. ದಪ್ಪ ಪ್ಯಾಡ್ ಸೀಟಿನ ಮೂತಿಗೆ ಸಿಕ್ಕಿಕೊಳ್ಳುತ್ತದೆ.

ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಬೇಡಿ. ನಿಂತಾಗ ಅದು ಮಗುವಿಗೆ ಡೈಪರ್ ಕಟ್ಟಿದಂತೆಯೇ ಕಾಣುತ್ತದೆ, ಕಾಣಲಿ. ಕುಕ್ಕರಗಾಲಿನಲ್ಲಿ ಕೂತು ನೋಡಿ. ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಾಗಿ. ಪ್ಯಾಡ್ ಮೈ ಬಿಟ್ಟು ಜರುಗಬಾರದು, ಮಡಿಕೆ ಬೀಳಬಾರದು, ಹಿಂದೆ ಬೆನ್ನು ಬಯಲಾಗಬಾರದು. ಇಷ್ಟಾದ ಮೇಲೂ ಮುಂಭಾಗದಲ್ಲೇ ನೋವಿದ್ದರೆ ಬಟ್ಟೆಯನ್ನು ದೂರಬೇಡಿ. ಸೀಟಿನ ಮೂತಿ ಮೇಲಕ್ಕೆ ಎತ್ತಿಕೊಂಡಿದೆಯೇ ನೋಡಿ, ಕೂದಲೆಳೆಯಷ್ಟು ತಗ್ಗಿಸಿ.

ಮನೆಗೆ ಬಂದ ಕೂಡಲೇ ಅದನ್ನು ಕಳಚಿ. ಒದ್ದೆ ಪ್ಯಾಡಿನಲ್ಲೇ ಕಾಫಿ ಕುಡಿಯುತ್ತ ಹರಟೆಗೆ ಕೂತರೆ ಬೆವರುಸಾಲೆ, ಕುರು, ಮೂತ್ರದ ಸೋಂಕು ಎಲ್ಲವನ್ನೂ ಕರೆದು ಕೂರಿಸಿಕೊಂಡ ಹಾಗೆ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರು, ಸೌಮ್ಯ ಸೋಪು. ಬಟ್ಟೆ ಮೃದುವಾಗಿಸುವ ದ್ರಾವಣ ಬೇಡ. ಅದು ಎಳೆಗಳ ಮೇಲೆ ಜಿಡ್ಡಿನಂತೆ ಕೂತು ಬೆವರು ಹೊರಹೋಗದಂತೆ ಮಾಡುತ್ತದೆ. ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಎಲ್ಲವನ್ನೂ ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುವ ಅಭ್ಯಾಸ ನಮ್ಮದು. ಇದನ್ನು ಹಾಕಬೇಡಿ. ಆ ಬಿಸಿಗೆ ಎಲಾಸ್ಟಿಕ್ ಎಳೆ ಸತ್ತು, ಒಂದೇ ಮಳೆಗಾಲಕ್ಕೆ ಚಡ್ಡಿ ಜೋತುಬೀಳುತ್ತದೆ. ಒಣಗಿದ ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ಒತ್ತಿ ನೀರು ತೆಗೆದು ಗಾಳಿಗೆ ಹರವಿ.

ಅತ್ತೆ ಮಾವ ಇರುವ ಮನೆ. ಮೈಗೆ ಅಂಟುವ ಲೈಕ್ರಾ ತೊಟ್ಟು ಊರಿನ ನಡುವೆ ಹೋಗಲಾರೆ. ಚೂಡಿದಾರದಲ್ಲೇ ಓಡಿಸಬಹುದೇ?
— ಗೃಹಿಣಿ, ರಾಣೆಬೆನ್ನೂರು

ಲೈಕ್ರಾ ಒಳಗಿರಲಿ, ಮೇಲೆ ಸಡಿಲ ಪ್ಯಾಂಟು ಇರಲಿ. ಮೌಂಟನ್ ಬೈಕಿಂಗ್‌ನಲ್ಲಿ ಬಹುಪಾಲು ಜನ ಹಾಗೆಯೇ ಮಾಡುತ್ತಾರೆ, ನಾಚಿಕೆಗಲ್ಲ, ಲಂಟಾನದ ಮುಳ್ಳಿಗೆ ಮತ್ತು ಬಿದ್ದಾಗ ತರಚುವ ಜಲ್ಲಿಗೆ. 1894ರಲ್ಲಿ ಆನಿ ಲಂಡನ್‌ಡೆರಿ ಎಂಬಾಕೆ ಸೈಕಲ್ಲಿನಲ್ಲಿ ಜಗತ್ತು ಸುತ್ತುತ್ತೇನೆಂದು ಅಮೆರಿಕದ ಬಾಸ್ಟನ್ನಿನಿಂದ ಹೊರಟಾಗ ಉಟ್ಟಿದ್ದು ಉದ್ದ ಲಂಗ. ಶಿಕಾಗೊ ಮುಟ್ಟಿದ ಮೇಲೆ ಅದನ್ನು ಬಿಟ್ಟು ಸಡಿಲ ಚಲ್ಲಣಕ್ಕೆ ಬಂದಳು. ಅವಳ ಊರಿನವರೂ ನಿಮ್ಮ ಊರಿನವರ ಹಾಗೆಯೇ ನೋಡಿದ್ದರು.

ಮೇಲಿನ ಪ್ಯಾಂಟಿಗೆ ಅಂಗಡಿಗೆ ಹೋಗಬೇಡಿ. ಮನೆಯಲ್ಲಿ ಯಾರದ್ದಾದರೂ ಹಳೆಯ ಟೆರಿಕಾಟ್ ಪ್ಯಾಂಟು ಇದ್ದೇ ಇರುತ್ತದೆ, ಶಾಲೆಯ ಸಮವಸ್ತ್ರಕ್ಕೆ ಬಳಸುವ ಬಟ್ಟೆ. ಬೇಗ ಒಣಗುತ್ತದೆ, ಸುಲಭಕ್ಕೆ ಹರಿಯುವುದಿಲ್ಲ. ಅದನ್ನು ನಿಮ್ಮ ದರ್ಜಿಯ ಬಳಿ ಒಯ್ದು ಹೀಗೆ ಹೇಳಿ: ಕಾಲುಗಳ ನಡುವೆ ಹೊಲಿಗೆ ಸೇರುವ ಜಾಗವನ್ನು ಬಿಚ್ಚಿ ವಜ್ರಾಕಾರದ ಒಂದು ತುಂಡು ಕೂರಿಸಬೇಕು. ಆಗ ಗಂಟು ಮಾಯವಾಗಿ ಹೊಲಿಗೆಗಳು ತೊಡೆಯ ಕಡೆಗೆ ಸರಿಯುತ್ತವೆ, ಕಾಲು ಎತ್ತಲು ಜಾಗ ಸಿಗುತ್ತದೆ. ಸೊಂಟದ ಹಿಂಭಾಗವನ್ನು ಎರಡು ಇಂಚು ಎತ್ತರಿಸಬೇಕು. ಮಂಡಿಯ ಬಳಿ ಸಣ್ಣ ಡಾರ್ಟ್, ಅಂದರೆ ಚೂಪು ಮಡಿಕೆ, ಹಿಡಿದರೆ ಬಾಗಿದ ಮಂಡಿಗೆ ಎಳೆತವಿರುವುದಿಲ್ಲ. ಜೇಬು ತೊಡೆಯ ಪಕ್ಕದಲ್ಲಿ, ಜಿಪ್ ಹಾಕಿ. ಮುಂದಿನ ಜೇಬಿನ ಮೊಬೈಲ್ ಪ್ರತಿ ತುಳಿತಕ್ಕೂ ಹೊಟ್ಟೆಗೆ ಚುಚ್ಚುತ್ತದೆ. ಸೈಕಲ್ಲಿನ ಚೈನು ಬಲಗಡೆ ಇರುವುದರಿಂದ ಬಲಗಾಲಿನ ಅಂಚಿಗೆ ಪಟ್ಟಿ ಮತ್ತು ಗುಂಡಿ. ದಾರ ಪಾಲಿಯೆಸ್ಟರ್‌ದೇ ಇರಲಿ, ನೂಲಿನ ದಾರ ಎಳೆತಕ್ಕೆ ಕಡಿಯುತ್ತದೆ. ಯಾರಾದರೂ ಇದಕ್ಕೆ ಒಂದು ಸಾವಿರ ಕೇಳಿದರೆ ಮೂಡಿಗೆರೆಗೆ ಬನ್ನಿ.

ಮೇಲೆ ಮೊಣಕಾಲಿಗಿಂತ ಗಿಡ್ಡನೆಯ, ಪಕ್ಕ ಸೀಳಿರುವ ಕುರ್ತಾ ತೊಡಿ, ತೊಂದರೆಯಿಲ್ಲ. ದುಪಟ್ಟಾ ಮಾತ್ರ ಖಂಡಿತ ಬೇಡ. ಅದು ಚಕ್ರಕ್ಕೆ ಸಿಕ್ಕರೆ ಮೊದಲು ಎಳೆಯುವುದು ಕುತ್ತಿಗೆಯನ್ನು. ಕರಿಮಣಿ ಅಂಗಿಯ ಒಳಗಿರಲಿ, ಉಂಗುರ ಮನೆಯಲ್ಲಿರಲಿ.

'ಬಿದಿರಿನ ನಾರು', 'ಬಾಟಲಿಯಿಂದ ಮಾಡಿದ ಬಟ್ಟೆ' ಎಂದೆಲ್ಲ ದುಬಾರಿ ಜರ್ಸಿಗಳು ಬಂದಿವೆ. ಪರಿಸರಕ್ಕೆ ಯಾವುದು ಒಳ್ಳೆಯದು?
— ಐಟಿ ಉದ್ಯೋಗಿ, ಬೆಂಗಳೂರು

ನಿಮ್ಮ ಕಪಾಟಿನಲ್ಲಿ ಈಗಾಗಲೇ ಇರುವ ಓಟದ ಟೀ ಶರ್ಟ್. ಬೆಂಗಳೂರಿನ ಐಟಿಯವರ ಮನೆಯಲ್ಲಿ ಮ್ಯಾರಥಾನಿನಲ್ಲಿ ಕೊಟ್ಟ ಪಾಲಿಯೆಸ್ಟರ್ ಅಂಗಿ ಇಲ್ಲದೇ ಇರುತ್ತದೆಯೇ?

ಬಿದಿರು ಎಂದೊಡನೆ ಮೇದಾರರ ಬುಟ್ಟಿಯನ್ನು ನೆನೆದು ಕರಗಬೇಡಿ. ಅಂಗಡಿಯಲ್ಲಿ ಸಿಗುವ ಬಿದಿರಿನ ಬಟ್ಟೆಯಲ್ಲಿ ಹೆಚ್ಚಿನದು ವಿಸ್ಕೋಸ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ಎಳೆ ತೆಗೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯ ಕೆಲಸಗಾರರ ನರಗಳಿಗೆ ವಿಷ. ಸಾಲದ್ದಕ್ಕೆ ವಿಸ್ಕೋಸ್ ಒದ್ದೆಯಾದರೆ ಹತ್ತಿಗಿಂತಲೂ ಬಲಹೀನ. ಇನ್ನು ಬಾಟಲಿಯ ಪಾಲಿಯೆಸ್ಟರ್: ಹೊಸ ಪಾಲಿಯೆಸ್ಟರ್‌ಗಿಂತ ವಾಸಿ, ಅಷ್ಟು ಒಪ್ಪುತ್ತೇನೆ. ಆದರೆ ಒಗೆದಾಗ ಅದೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ಬಿಡುತ್ತದೆ. ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು. ಅಂಗಿಯಾದ ಮೇಲೆ ಅದರ ಮುಂದಿನ ಗತಿ ಬಹುತೇಕ ತಿಪ್ಪೆಯೇ. 'ಓಕೋಟೆಕ್ಸ್ ಸ್ಟ್ಯಾಂಡರ್ಡ್ 100' ಎಂಬ ಚೀಟಿ ಬಟ್ಟೆಯಲ್ಲಿ ಮೈಗೆ ಹಾನಿಯಾಗುವ ರಾಸಾಯನಿಕಗಳ ಪರೀಕ್ಷೆ ಆಗಿದೆ ಎನ್ನುತ್ತದೆ, ನದಿ ಸ್ವಚ್ಛವಾಗಿದೆ ಎನ್ನುವುದಿಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳು ನೊಯ್ಯಲ್ ನದಿಯನ್ನು ಕೆಡಿಸಿದ್ದರಿಂದ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅವನ್ನು ಮುಚ್ಚಿಸಬೇಕಾಗಿ ಬಂತು. ಹಸಿರು ಎಲೆಯ ಚಿತ್ರವಿರುವ ಚೀಟಿ ಓದುವಾಗ ನನಗೆ ಆ ನದಿ ನೆನಪಾಗುತ್ತದೆ.

ಕೊಳ್ಳಲೇಬೇಕೆಂದರೆ ಮೆರಿನೋ ಎಂಬ ಕುರಿಯ ನವಿರು ಉಣ್ಣೆಯ ತೆಳುವಾದ ಒಂದು ಅಂಗಿ ಕೊಳ್ಳಿ. ದುಬಾರಿ, ಆದರೆ ನಾಲ್ಕು ಸವಾರಿಗೂ ವಾಸನೆ ಬರುವುದಿಲ್ಲ, ಹಾಗಾಗಿ ಒಗೆತ ಕಡಿಮೆ. ಒದ್ದೆಯಾದರೂ ಚಳಿ ಹಿಡಿಸುವುದಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆಯಲ್ಲಿ ಇದನ್ನು ಮಾಡಬಾರದೇ ಎಂದು ನನಗೂ ಆಸೆ. ಆದರೆ ಆ ಎಳೆ ದಪ್ಪ, ಚಳ್ಳಕೆರೆಯ ಕಂಬಳಿ ಮೈಮೇಲೆ ಹೊದೆಯಲು ಚೆನ್ನ, ಬೆವರುವ ಚರ್ಮಕ್ಕೆ ತಾಗಿದರೆ ಕೆರೆತ. ಬಯಲುಸೀಮೆಯ ಒಣ ಸೆಖೆಯಲ್ಲಿ, ಸೊಂಟದಿಂದ ಮೇಲಕ್ಕೆ ಮಾತ್ರ, ಹಳೆಯ ಹತ್ತಿಯ ಅಂಗಿಯೂ ನಡೆಯುತ್ತದೆ. ಅಲ್ಲಿ ಅದು ತಂಪು ಕೊಟ್ಟು ಒಣಗುತ್ತದೆ. ಮಲೆನಾಡಿನಲ್ಲಿ ಒಣಗುವುದೇ ಇಲ್ಲ.

ಮಳೆಯಲ್ಲಿ ಯಾವ ಜಾಕೆಟ್? ಇಂಬಳಕ್ಕೆ ಏನು ಮಾಡುವುದು?
— ಶಿಕ್ಷಕಿ, ತೀರ್ಥಹಳ್ಳಿ

ಆಗುಂಬೆಯ ಪಕ್ಕದಲ್ಲಿದ್ದು ನನ್ನನ್ನು ಕೇಳುತ್ತೀರಿ! ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುವ ಕಡೆ ಯಾವ ಜಾಕೆಟ್ ತೊಟ್ಟರೂ ಏರು ಹತ್ತುವಾಗ ಒಳಗಿನ ಬೆವರಿನಿಂದಲೇ ತೊಯ್ದುಹೋಗುತ್ತೀರಿ. ಹತ್ತುವಾಗ ನೆನೆಯಿರಿ, ಬೇಗ ಒಣಗುವ ತೆಳು ಅಂಗಿಯಲ್ಲಿ. ಇಳಿಯುವಾಗ ಗಾಳಿ ತಡೆಯುವ ತೆಳು ಜಾಕೆಟ್ ಹಾಕಿಕೊಳ್ಳಿ. ಹೊಸ ಜಾಕೆಟ್ ಕೊಳ್ಳುವುದಾದರೆ ಚೀಟಿಯಲ್ಲಿ 'ಪಿಎಫ್‌ಎಎಸ್ ಇಲ್ಲ' ಎಂದಿದೆಯೇ ನೋಡಿ. ನೀರು ಜಾರಿಸುವ ಲೇಪನದಲ್ಲಿ ಬಳಸುವ ಈ ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ ಒಡೆದು ನಾಶವಾಗದೆ ಉಳಿಯುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಬಹುತೇಕ ಬಟ್ಟೆಗಳಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿದೆ. ಹಳೆಯ ಜಾಕೆಟ್ ನೀರು ಹೀರತೊಡಗಿದರೆ ಎಸೆಯಬೇಡಿ. ಕೆಸರು ಹೋಗುವಂತೆ ಒಗೆದು, ಒಣಗಿಸಿ, ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿ. ಲೇಪನ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಇಂಬಳಕ್ಕೆ ಒತ್ತು ನೇಯ್ಗೆಯ ಉದ್ದ ಕಾಲುಚೀಲ, ಪ್ಯಾಂಟಿನ ಮೇಲಕ್ಕೆ ಎಳೆದು. ಸುಣ್ಣ, ಹೊಗೆಸೊಪ್ಪು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಮುಟ್ಟಿನ ದಿನಗಳಲ್ಲಿ ಪ್ಯಾಡ್ ಚಡ್ಡಿಯೊಳಗೆ ಸ್ಯಾನಿಟರಿ ಪ್ಯಾಡ್ ಇಟ್ಟರೆ ಅದರ ಅಂಚು ಕೊರೆಯುತ್ತದೆ. ಪರಿಹಾರವೇನು?
— ವಿದ್ಯಾರ್ಥಿನಿ, ಮಂಗಳೂರು

ಮುಟ್ಟಿನ ಕಪ್, ದೇಹದ ಒಳಗೆ ಇಟ್ಟುಕೊಳ್ಳುವ ಮೃದುವಾದ ಪುಟ್ಟ ಬಟ್ಟಲು. ಜರುಗುವ ವಸ್ತುವೇ ಇಲ್ಲ, ಉಜ್ಜುವುದೂ ಇಲ್ಲ. ವರ್ಷಗಟ್ಟಲೆ ಬಾಳುವುದರಿಂದ ಕಸವೂ ಇಲ್ಲ. ನಿಮ್ಮ ದಕ್ಷಿಣ ಕನ್ನಡದಲ್ಲಿ ಆರೋಗ್ಯ ಇಲಾಖೆಯೇ 'ಮೈತ್ರಿ' ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕಪ್ ಹಂಚಿದೆ. ಮೊದಲು ಒಂದೆರಡು ತಿಂಗಳು ಮನೆಯಲ್ಲೇ ಬಳಸಿ ರೂಢಿಯಾಗಲಿ, ಆಮೇಲೆ ಗುಡ್ಡಕ್ಕೆ ಹೋಗಿ. ಒಲ್ಲದವರು ಆ ಎರಡು ದಿನ ಸಣ್ಣ ಸವಾರಿ ಮಾಡಲಿ. ಬೇಡವೆನಿಸಿದರೆ ಮಲಗಲಿ, ಗುಡ್ಡ ಎಲ್ಲಿಗೂ ಹೋಗುವುದಿಲ್ಲ.

ಮಗಳಿಗೆ ಹದಿನಾಲ್ಕು, ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಬೆಳೆಯುವ ಹುಡುಗಿ, ಒಂದು ಸೈಜ್ ದೊಡ್ಡದನ್ನೇ ಕೊಡಿಸಿದರೆ ಎರಡು ವರ್ಷ ಬರುತ್ತದೆಯಲ್ಲವೇ?
— ತಾಯಿ, ವಿಜಯಪುರ

ಸೈಕಲ್ ಸವಾರರ ಜಿಲ್ಲೆಯ ತಾಯಿ ನೀವು, ನಿಮ್ಮ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಮೇಲಿನ ಪ್ಯಾಂಟು, ಜರ್ಸಿ ಎರಡಕ್ಕೂ ಅದು ಸರಿ; ಅಂಚನ್ನು ಒಳಗೆ ಮಡಿಸಿ ಹೊಲಿಸಿಟ್ಟರೆ ಬೆಳೆದಂತೆ ಬಿಚ್ಚಬಹುದು. ಪ್ಯಾಡ್ ಚಡ್ಡಿಗೆ ಮತ್ತು ಬ್ರಾಗೆ ಆ ಲೆಕ್ಕ ಹಾಕಬೇಡಿ. ಸಡಿಲ ಪ್ಯಾಡ್ ಮಡಿಕೆ ಬಿದ್ದು ಹುಣ್ಣು ಮಾಡುತ್ತದೆ. ಬ್ರಾದೊಳಗೆ ಸ್ಪಂಜಿನ ಕಪ್ ಇದ್ದರೆ ತೆಗೆದುಹಾಕಿ, ಬೆವರು ಹಿಡಿದುಕೊಳ್ಳುವುದು ಬಿಟ್ಟು ಬೇರೆ ಕೆಲಸ ಅದಕ್ಕಿಲ್ಲ. ನೀರಿನ ಬ್ಯಾಗು ಬೆನ್ನಿಗೆ ಹಾಕುವವಳಾದರೆ ಹಿಂದೆ ಕೊಕ್ಕೆ ಇರುವ ಬ್ರಾ ಬೇಡ.

ಅಭ್ಯಾಸಕ್ಕೆ ಬರುವ ಹಿರಿಯ ಹುಡುಗಿಯರ ಗಿಡ್ಡವಾದ ಪ್ಯಾಂಟು, ಮಂಡಿಕಾಪುಗಳನ್ನು ಸಂಕೋಚವಿಲ್ಲದೆ ಕೇಳಿ ತೆಗೆದುಕೊಳ್ಳಿ, ನಿಮ್ಮವಳದ್ದನ್ನು ಕಿರಿಯರಿಗೆ ಕೊಡಿ. ಹೆಲ್ಮೆಟ್ ಒಂದನ್ನು ಬಿಟ್ಟು. ಯಾರ ತಲೆಯಲ್ಲಿದ್ದಾಗ ಏನು ಪೆಟ್ಟು ತಿಂದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಪ್ಯಾಡ್ ಚಪ್ಪಟೆಯಾಗಿ ಗಟ್ಟಿಯಾದ ಚಡ್ಡಿಯ ಕಾಲುಗಳನ್ನು ಕತ್ತರಿಸಿ ಇಟ್ಟುಕೊಳ್ಳಿ. ಮಂಡಿಕಾಪಿನ ಕೆಳಗೆ ತೊಟ್ಟರೆ ಅದರ ಪಟ್ಟಿ ಚರ್ಮಕ್ಕೆ ಉಜ್ಜುವುದಿಲ್ಲ. ಕತ್ತರಿಸಿದ ಅಂಚಿಗೆ ಜಿಗ್‌ಜಾಗ್ ಹೊಲಿಗೆಯನ್ನೇ ಹಾಕಿಸಿ, ನೇರ ಹೊಲಿಗೆ ಮೊದಲ ಸಲ ಎಳೆದಾಗಲೇ ಬಿಟ್ಟುಕೊಳ್ಳುತ್ತದೆ.