ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಸಂಸ್ಥೆ ಯಾಕೆ? – ಸಂಪಾದಕರ ಉತ್ತರ

ಮಾಸ್ತರರೇ, ನಮಸ್ಕಾರ.

ನಿಮ್ಮ ಪತ್ರ ಹೋದ ವಾರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುತ್ತಿಲ್ಲ. ಬೆಟಗೇರಿಯ ನಿವೃತ್ತ ಶಿಕ್ಷಕರು ಅಂತ ಓದುಗರಿಗೆ ಗೊತ್ತಿದ್ದರೆ ಸಾಕು. ಪೂರ್ತಿ ಪತ್ರ ಅಚ್ಚು ಹಾಕೋಕೆ ಜಾಗವಿಲ್ಲ, ಹಾಗಾಗಿ ಅದರ ತಿರುಳನ್ನು ಮೊದಲು ಹೇಳಿಬಿಡುತ್ತೇನೆ.

ಹುಬ್ಬಳ್ಳಿ, ಧಾರವಾಡ, ಗದಗ ಸುತ್ತಿನ ಊರುಗಳಲ್ಲಿ ಕಿರುಚಿತ್ರ ಮಾಡೋದನ್ನು ಕಲಿಸುವ ಒಂದು ಸಣ್ಣ ಸಂಸ್ಥೆ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ನೇಕಾರರ ಮನೆಯ ಮಕ್ಕಳು, ಲಂಬಾಣಿ ತಾಂಡಾದ ಹುಡುಗಿಯರು, ಜಮಖಾನ ನೇಯುವ ಹೆಂಗಸರು ಅಲ್ಲಿ ಕಲಿಯುತ್ತಾರೆ, ತಮ್ಮ ಚಿತ್ರ ತಾವೇ ಮಾಡುತ್ತಾರೆ. ಅದನ್ನು ಓದಿ ನೀವು ಕೇಳಿದ್ದು: "ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಬೇಕಾದವರು ಬೇಕಾದ್ದನ್ನು ತೆಗೆದು ಹಾಕುತ್ತಾರೆ. ಇದಕ್ಕೊಂದು ಸಂಸ್ಥೆ, ಅದಕ್ಕೆ ದೇಣಿಗೆ ಯಾಕೆ ಬೇಕು?" ಅದರ ಜೊತೆಗೇ, "ಬಡವರ ಬಡತನವನ್ನು ಪರದೆ ಮೇಲೆ ತೋರಿಸಿ ಚಪ್ಪಾಳೆ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ" ಅಂತಲೂ ಬರೆದಿದ್ದೀರಿ. ಆದರೆ ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ. ನಿಮ್ಮನ್ನು ಪತ್ರ ಬರೆಯೋಕೆ ಕೂರಿಸಿದ್ದು ಅದೇ ಅಂತ ನನಗೆ ಅನ್ನಿಸಿತು. ನಿಮ್ಮ ಓಣಿಯ ಹುಡುಗಿಯೊಬ್ಬಳು, ಬಿ.ಎ. ಎರಡನೇ ವರ್ಷದಲ್ಲಿರುವವಳು, ಆ ಸಂಸ್ಥೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳಪ್ಪ ಮಗ್ಗದ ಕೆಲಸದವನು, ನಿಮ್ಮ ಹಳೆಯ ವಿದ್ಯಾರ್ಥಿ. "ಏನ್ ಮಾಡ್ಲಿ ಸರ?" ಅಂತ ನಿಮ್ಮ ಮನೆ ಕಟ್ಟೆ ಮೇಲೆ ಬಂದು ಕೂತಿದ್ದಾನೆ.

ಮೊಬೈಲಿನ ಮಾತು ನಿಜ. ತೆಗೆಯೋಕೆ ಈಗ ಯಾರೂ ಬೇಕಾಗಿಲ್ಲ. ಆದರೆ ತೆಗೆದದ್ದನ್ನು ಕೂತು ನೋಡೋಕೆ, ಬೇಡದ್ದನ್ನು ಕಿತ್ತುಹಾಕೋಕೆ, ಆಮೇಲೆ ಊರ ಮುಂದೆ ತೋರಿಸೋಕೆ ಜೊತೆಗೆ ಜನ ಬೇಕು. ಆ ಸಂಸ್ಥೆಯ ಕೆಲಸದಲ್ಲಿ ಹೆಚ್ಚಿನ ಪಾಲು ಕ್ಯಾಮೆರಾ ಆಫ್ ಆದಮೇಲೇ ನಡೆಯುತ್ತದೆ. ಹಿಂದಿನ ಲೇಖನದಲ್ಲಿ ನಾವು ಇದನ್ನು ಸರಿಯಾಗಿ ಬಿಡಿಸಿ ಹೇಳಲಿಲ್ಲ ಅನ್ನಿಸುತ್ತದೆ, ಅದಕ್ಕೇ ನಿಮಗೆ ಈ ಪ್ರಶ್ನೆ ಹುಟ್ಟಿದೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಅವರದ್ದೊಂದು ಬಾಡಿಗೆ ಕೋಣೆ. ಒಂದು ಹಳೆ ಕಂಪ್ಯೂಟರ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಉಳಿದವರಿಗೆ ಚಾಪೆ. ಅವತ್ತು ನವಲಗುಂದದ ಒಬ್ಬ ಹೆಣ್ಣುಮಗಳ ಚಿತ್ರ ಎಡಿಟಿಂಗ್‌ಗೆ ಬಂದಿತ್ತು. ತನ್ನ ಅತ್ತೆ ಜಮಖಾನ ನೇಯುವುದನ್ನು ಆಕೆ ಮೂರು ಗಂಟೆಯಷ್ಟು ತೆಗೆದಿದ್ದಳು. ಅದರಲ್ಲಿ ಉಳಿಯಬೇಕಾದದ್ದು ಏಳೇ ನಿಮಿಷ. ಮೂಲೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಒಬ್ಬ ಯುವಕ ಕೂತಿದ್ದ. ಅವನಿಗೆ ಕಣ್ಣು ಕಾಣುವುದಿಲ್ಲ. ಗದಗದಲ್ಲಿ ಸಂಗೀತ ಕಲಿತವನು, ಇಲ್ಲಿ ಎಲ್ಲರ ಚಿತ್ರಕ್ಕೂ ಸೌಂಡ್ ನೋಡಿಕೊಳ್ಳುವುದು ಅವನೇ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಊರಿನವರಾದ ನಿಮಗೆ ಆ ಕಿವಿ ಎಂಥದ್ದು ಅಂತ ನಾನು ಹೇಳಬೇಕಾಗಿಲ್ಲ. ಪರದೆ ಮೇಲೆ ಅತ್ತೆ ನಗುವ ದೃಶ್ಯ ಬಂತು. ಎಲ್ಲರಿಗೂ ಚೆಂದ ಅನ್ನಿಸಿತು. ಅವನು ಮಾತ್ರ ಕೈ ಎತ್ತಿದ. "ಅಕ್ಕಾರ, ಇಲ್ಲಿ ಅವ್ರು ಮನಸಾರೆ ನಗಾಕತ್ತಿಲ್ಲ. ಯಾರೋ ನಗ್ರಿ ಅಂದಾರ. ಇದನ್ನ ತಗೀರಿ" ಅಂದ.

ಆ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೌದು, ನಾನೇ ನಗ್ರಿ ಅಂದಿದ್ದೆ" ಅಂದಳು. ಆ ದೃಶ್ಯ ಹೋಯಿತು.

ಮಾಸ್ತರರೇ, ರೀಲ್ಸ್ ಮಾಡಿ ಹಾಕುವಾಗ ಈ ಮಾತು ಹೇಳೋರು ಯಾರು? ಅಲ್ಲಿ ಎಷ್ಟು ಜನ ನೋಡಿದರು ಅನ್ನೋ ಲೆಕ್ಕ ಮಾತ್ರ ಬರುತ್ತದೆ. ಇಲ್ಲಿ ಐದಾರು ಜನ ಚಾಪೆ ಮೇಲೆ ಕೂತು, ಒಬ್ಬಳ ಚಿತ್ರ ನಿಜವಾಗಲಿ ಅಂತ ಮಧ್ಯಾಹ್ನದ ಊಟ ಬಿಟ್ಟಿದ್ದರು. ನನ್ನ ಲೆಕ್ಕದಲ್ಲಿ ಸಂಸ್ಥೆ ಅಂದರೆ ಆ ಚಾಪೆ.

ನವಲಗುಂದದ ಜಮಖಾನ ನಿಮಗೆ ಗೊತ್ತಿರುವುದೇ. ನಿಲ್ಲಿಸಿದ ಮಗ್ಗದ ಮೇಲೆ ಹೆಂಗಸರೇ ನೇಯುವ ಕಸುಬು, ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಈ ಮನೆಗೆ ಹಿಂದೊಮ್ಮೆ ಚಾನೆಲ್ ಒಂದರವರು ಬಂದಿದ್ದರಂತೆ. ಅರ್ಧ ಗಂಟೆ ಇದ್ದು, "ಅಮ್ಮಾ, ನೀವು ಸುಮ್ನೆ ನೇಯ್ತಾ ಇರಿ, ಮಾತಾಡಬೇಡಿ" ಅಂತ ಹೇಳಿ ತೆಗೆದುಕೊಂಡು ಹೋದರು. ಅದಕ್ಕೆ ಅಳುವ ಸಂಗೀತ ಹಾಕಿ, 'ಅಳಿವಿನ ಅಂಚಿನಲ್ಲಿ' ಅಂತ ತೋರಿಸಿದರು. ಸೊಸೆ ಮಾಡಿದ ಚಿತ್ರದಲ್ಲಿ ಅದೇ ಅತ್ತೆ ಮಾತಾಡುತ್ತಾಳೆ. ಮನೆಯ ಉರ್ದು ಮತ್ತು ಕನ್ನಡ ಎರಡನ್ನೂ ಬೆರೆಸಿ, ನೂಲಿನ ರೇಟು ಎಷ್ಟಾಗಿದೆ, ಒಂದು ಜಮಖಾನಕ್ಕೆ ಎಷ್ಟು ದಿನ ಬೇಕು, ಕೈಗೆ ಬರೋದೆಷ್ಟು ಅಂತ ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ. ನಡುವೆ ಸೊಸೆಗೆ, "ಅದನ್ನ ಹಿಡಕೊಂಡ ನಿಂತೀಯಲ್ಲ, ಒಲಿ ಮ್ಯಾಲಿನ ಹಾಲ ನೋಡು" ಅಂತ ಬೈಯುತ್ತಾಳೆ. ಕ್ಯಾಮೆರಾ ಅಲ್ಲಾಡುತ್ತದೆ, ಒಲೆ ಕಡೆ ಓಡುತ್ತದೆ. ಹಾಲು ಉಕ್ಕಿರುತ್ತದೆ. ಆ ಅಲ್ಲಾಟವನ್ನು ಅವರು ಹಾಗೇ ಬಿಟ್ಟಿದ್ದಾರೆ. ನನಗೆ ಇಡೀ ಚಿತ್ರದಲ್ಲಿ ಜಾಸ್ತಿ ಹಿಡಿಸಿದ್ದು ಅದೇ.

ಬಡತನ ತೋರಿಸುವುದರ ಬಗ್ಗೆ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಒಪ್ಪೋಕೆ ನನಗೂ ಕಾರಣವಿದೆ. ಬಹಳ ವರ್ಷದ ಹಿಂದೆ, ನಾನು ಇನ್ನೂ ವರದಿಗಾರನಾಗಿದ್ದಾಗ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುತ್ತಿದ್ದ ಹೆಂಗಸೊಬ್ಬಳ ಫೋಟೊ ತೆಗೆದೆ. ಘಾಟಿಗೆ ಅವಳ ಕಣ್ಣಲ್ಲಿ ನೀರು. ಅದು ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು, ಮೇಲೆ ಕಣ್ಣೀರಿನ ಬದುಕು ಅಂತ ತಲೆಬರಹ. ಮುಂದಿನ ಸುಗ್ಗಿಯಲ್ಲಿ ಅವಳೇ ನನ್ನನ್ನು ಗುರುತಿಸಿ ನಿಲ್ಲಿಸಿದಳು. "ನಾ ಅಳಾಕತ್ತಿರಲಿಲ್ರೀ. ಮಗಳನ್ನ ನೋಡಾಕ ಬಂದ ವರನ ಕಡೆಯವರು ಆ ಪೇಪರ ನೋಡ್ಯಾರ. ಒಂದ ಮಾತ ಕೇಳಬೇಕಿತ್ತಲ್ರೀ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ.

ಅದಕ್ಕೇ ಈ ಸಂಸ್ಥೆಯವರ ಒಂದು ಕಟ್ಟುನಿಟ್ಟು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಚಿತ್ರದಲ್ಲಿ ಯಾರಿದ್ದಾರೋ ಅವರಿಗೇ ಮೊದಲು ತೋರಿಸುತ್ತಾರೆ. ಅವರು ಬೇಡ ಅಂದದ್ದನ್ನು ತೆಗೆಯುತ್ತಾರೆ. ಇದು ಇವರು ಕಂಡುಹಿಡಿದ ನಿಯಮವೇನಲ್ಲ. 1967ರಲ್ಲಿ ಕೆನಡಾದ ಫೋಗೋ ಅನ್ನೋ ದ್ವೀಪದಲ್ಲಿ ಅಲ್ಲಿನ ಮೀನುಗಾರರ ಜೊತೆ ಸೇರಿ ಸುಮಾರು 27 ಸಣ್ಣ ಚಿತ್ರಗಳನ್ನು ಮಾಡಿದರು. ಸರ್ಕಾರ ಅವರನ್ನು ದ್ವೀಪದಿಂದ ಎಬ್ಬಿಸಿ ಬೇರೆ ಕಡೆ ಸಾಗಿಸುವ ಯೋಚನೆಯಲ್ಲಿದ್ದ ಕಾಲ ಅದು. ಚಿತ್ರಗಳನ್ನು ಮೊದಲು ದ್ವೀಪದವರೇ ನೋಡಿದರು, ಒಪ್ಪಿದರು. ಒಂದೂರಿನವರ ಕಷ್ಟ ಇನ್ನೊಂದೂರಿಗೆ ಗೊತ್ತಾಯಿತು. ಆಮೇಲೆ ಅಧಿಕಾರದಲ್ಲಿದ್ದವರೂ ನೋಡಿದರು. ದ್ವೀಪದವರು ಸಹಕಾರ ಸಂಘ ಕಟ್ಟಿಕೊಂಡರು, ಅಲ್ಲೇ ಉಳಿದರು. ಬರೀ ಚಿತ್ರದಿಂದ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅವರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡದ್ದು ಆ ಪರದೆಯ ಮುಂದೆ.

ನಮ್ಮ ದೇಶದಲ್ಲೂ ಇದು ಹೊಸದಲ್ಲ. ಅಹಮದಾಬಾದಿನಲ್ಲಿ ಇಳಾ ಭಟ್ ಕಟ್ಟಿದ 'ಸೇವಾ' (SEWA) ಅನ್ನೋ ದುಡಿಯುವ ಹೆಂಗಸರ ಸಂಘಟನೆಯವರು 1984ರಲ್ಲೇ ವಿಡಿಯೊ ಕ್ಯಾಮೆರಾ ಹಿಡಿದರು. ಅವರಲ್ಲಿ ಓದು ಬರಹ ಬಾರದವರೂ ಇದ್ದರು. ಇನ್ನೂ ಹತ್ತಿರ ಬರೋಣ. ನಮ್ಮ ಬೀದರ್ ಗಡಿಗೆ ಅಂಟಿಕೊಂಡಂತಿರುವ ಜಹೀರಾಬಾದ್ ಕಡೆ ಪಸ್ತಾಪುರ ಅಂತ ಒಂದು ಊರು. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಹೆಂಗಸರು ಕ್ಯಾಮೆರಾ ಕಲಿತಾಗ ಶಾಟ್‌ಗಳಿಗೆ ತಮ್ಮದೇ ಹೆಸರಿಟ್ಟರು. ಮೇಲಿನಿಂದ, ಕೆಳಗಿನಿಂದ ತೆಗೆಯುವುದಕ್ಕೆ ಪಟೇಲನ, ಜೀತದಾಳಿನ ಹೆಸರು. ಕಣ್ಣಿಗೆ ಕಣ್ಣು ಸಮ ಇಟ್ಟು ತೆಗೆದರೆ ಅದು 'ಸಂಘಂ ಶಾಟ್'. ಸಂಘದಲ್ಲಿ ಎಲ್ಲರೂ ಒಂದೇ ಚಾಪೆ ಮೇಲೆ ಕೂರುತ್ತಾರಲ್ಲ, ಹಾಗೆ. ಬ್ಯಾಡಗಿಯಲ್ಲಿ ನಾನು ನಿಂತುಕೊಂಡು, ನೆಲದ ಮೇಲೆ ಕೂತವಳ ಫೋಟೊ ತೆಗೆದಿದ್ದೆ.

ಇನ್ನೊಂದು ವಿಷಯ, ಭಾಷೆಯದ್ದು. ನೀವು ಜೀವನಪೂರ್ತಿ ಕನ್ನಡ ಕಲಿಸಿದವರು, ಇದು ನಿಮಗೆ ತಟ್ಟುತ್ತದೆ. ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಬಂದರೆ ಬಹಳ ಸಲ ನಗಿಸೋಕೆ ಬರುತ್ತದೆ. ನಮ್ಮ ಮಕ್ಕಳು ಮೈಕ್ ಮುಂದೆ ನಿಂತ ಕೂಡಲೇ ಮಾತು ಬದಲಿಸುತ್ತಾರೆ. ನವಲಗುಂದದ ಆ ಚಿತ್ರದಲ್ಲಿ ಅತ್ತೆ, "ಜೀವಾ ಕಳಮಳ ಅಂತೈತಿ" ಅನ್ನುತ್ತಾಳೆ. ಅಡಿಬರಹದಲ್ಲಿ ಯಾರೋ 'ಬೇಸರವಾಗುತ್ತದೆ' ಅಂತ ಹಾಕಿದ್ದರು. ಅರ್ಧ ಗಂಟೆ ಅದೇ ಚರ್ಚೆ ನಡೆಯಿತು. ಕೊನೆಗೆ 'ಕಳಮಳ' ಉಳಿಯಿತು. ತಾಂಡಾದ ಹುಡುಗಿಯರು ತಮ್ಮ ಮಾತಿನಲ್ಲೇ ಚಿತ್ರ ಮಾಡಿ, ಕೆಳಗೆ ಕನ್ನಡ ತಾವೇ ಬರೆಯುತ್ತಾರೆ. ಕಲಘಟಗಿ ಕಡೆಯ ಸಿದ್ದಿ ಜನರ ಬಗ್ಗೆ ಹೊರಗಿನವರು ಮಾಡಿದ್ದರಲ್ಲಿ ನಾನು ಕಂಡದ್ದು ಬಹುತೇಕ ಡಮಾಮಿ ಕುಣಿತ. ಅವರ ಮನೆಯ ಮಕ್ಕಳೇ ತೆಗೆದರೆ ಅವ್ವ ಹೊಲಿಯುವ ಕೌದಿ ಬಂದೀತು, ಬಸ್ಸಿಗೆ ಕಾಯುವ ಬೆಳಗು ಬಂದೀತು. ನಾನು ಅದಕ್ಕೆ ಕಾಯುತ್ತಿದ್ದೇನೆ.

ಈಗ ಆ ಹುಡುಗಿಯ ಮಾತು.

ಅವಳಪ್ಪನಿಗೆ ಮೊದಲು ನಿಜ ಹೇಳಿ. ಕಿರುಚಿತ್ರದಿಂದ ಹೊಟ್ಟೆ ತುಂಬುವುದಿಲ್ಲ. ಟಾಕೀಸಿನಲ್ಲಿ ಅದನ್ನು ಕೊಳ್ಳುವವರಿಲ್ಲ. 2024ರಲ್ಲಿ ಕಾನ್ ಚಿತ್ರೋತ್ಸವದ ಸಿನಿಮಾ ವಿದ್ಯಾರ್ಥಿಗಳ ವಿಭಾಗದಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ ಮೊದಲ ಬಹುಮಾನ ಬಂತು, ಅದೂ ನಮ್ಮ ಜನಪದ ಕಥೆಯೊಂದರಿಂದ ಹುಟ್ಟಿದ್ದು. ಅದನ್ನು ಕೇಳಿ ನನಗೆ ಎರಡು ದಿನ ಖುಷಿಯಲ್ಲಿ ನಿದ್ದೆ ಬರಲಿಲ್ಲ. ಆದರೆ ಅದನ್ನು ತೋರಿಸಿ ಆ ತಂದೆಗೆ ಆಸೆ ಹುಟ್ಟಿಸಬೇಡಿ. ಎಡಿಟಿಂಗ್ ಚೆನ್ನಾಗಿ ಕಲಿತವರಿಗೆ ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ, ಸ್ಥಳೀಯ ಚಾನೆಲ್‌ಗಳಲ್ಲಿ ಕೆಲಸ ಸಿಗುತ್ತದೆ, ಅಷ್ಟು ಹೇಳಬಹುದು. ಬಿ.ಎ. ಮಾತ್ರ ಬಿಡಬಾರದು. ಸಂಸ್ಥೆಯವರೂ ಇದನ್ನೇ ಹೇಳುತ್ತಾರೆ, ತರಗತಿ ಇರುವುದೇ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ.

ಆಮೇಲೆ ಅವನನ್ನು ಕರೆದುಕೊಂಡು ನೀವೇ ಒಮ್ಮೆ ಹೋಗಿ ಬನ್ನಿ. ಹೆಣ್ಣುಮಕ್ಕಳು ಸಂಜೆ ಮನೆಗೆ ಹೇಗೆ ಹೋಗುತ್ತಾರೆ, ಜೊತೆಗೆ ಯಾರಿರುತ್ತಾರೆ ಅಂತ ಮುಖ ನೋಡಿ ಕೇಳಿ. ಮಾಡಿದ ಚಿತ್ರ ಯಾರದ್ದು ಅಂತ ಕೇಳಿ. ಮಾಡಿದವರದ್ದೇ ಅನ್ನೋ ಕಾಗದ ಇರಬೇಕು, ಅದನ್ನು ಓದಿ. ದೇಣಿಗೆ ಬಗ್ಗೆ ಅನುಮಾನ ಬಂದಿದೆಯಲ್ಲ, ಲೆಕ್ಕ ತೋರಿಸಿ ಅನ್ನಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲೇ ಬಂದದ್ದು, ಅದರ ಪ್ರಕಾರ ಏಳು ಜನ ಸೇರಿದರೆ ಸಂಘ ಮಾಡಬಹುದು. ಹಾಗೆ ನೋಂದಣಿಯಾದ ಮೇಲೆ ಲೆಕ್ಕ ಇಡಲೇಬೇಕು. ಲೆಕ್ಕ ಕೇಳಿದರೆ ಮುನಿಸಿಕೊಳ್ಳುವ ಸಂಸ್ಥೆಗೆ ಮಕ್ಕಳನ್ನು ಕಳಿಸಬಾರದು. ಇವರು ನನಗೆ ಎರಡು ವರ್ಷದ ಆಡಿಟ್ ವರದಿ ತಾವಾಗಿ ತಂದು ತೋರಿಸಿದ್ದಾರೆ.

ಅವಳು ಏನು ತೆಗೆಯಬೇಕು ಅಂತಿದ್ದಾಳೆ ಅನ್ನೋದನ್ನು ನೀವು ಬರೆದಿಲ್ಲ. ಕೇಳಿ ನೋಡಿ. ಅಪ್ಪನ ಮಗ್ಗವೇ ಇರಬಹುದು. ಅವ್ವ ಕಂಡಿಕೆ ಸುತ್ತುವ ಹೊತ್ತಿನಲ್ಲಿ ಹಾಡುವ ಹಾಡೂ ಇರಬಹುದು. ಎಷ್ಟೋ ಅಪ್ಪಂದಿರು ಮಗಳು ತಮ್ಮನ್ನೇ ನೋಡಬೇಕು ಅಂತ ಹೊರಟಿದ್ದಾಳೆ ಅಂತ ಗೊತ್ತಾದ ಮೇಲೆ ಮೆತ್ತಗಾದದ್ದನ್ನು ಕಂಡಿದ್ದೇನೆ.

ಅವಳು ಸೇರುವುದಾದರೆ ಒಂದು ಮಾತು ತಿಳಿಸಿಬಿಡಿ. ಹೊಸಬರ ತಂಡ ಮೊದಲ ವಾರವೇ ಕಪ್ಪತಗುಡ್ಡದ ಕಡೆ ಹೊರಟಿದೆ. ಅಲ್ಲಿ ಆಷಾಢದ ಗಾಳಿ ಎಂಥದ್ದು ಅಂತ ನಿಮಗೇ ಗೊತ್ತು, ಮೈಕಿನಲ್ಲಿ ಬುಸ್ ಅನ್ನೋದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಸೌಂಡ್ ನೋಡಿಕೊಳ್ಳುವ ಆ ಯುವಕ ಮೈಕಿಗೆ ಕಂಬಳಿ ತುಂಡು ಸುತ್ತುತ್ತಾನೆ. ಅವರ ಹತ್ತಿರ ಇರುವುದು ಒಂದೇ ತುಂಡು. ಮನೆಯಲ್ಲಿ ಹಳೆಯದೊಂದು ಕಂಬಳಿ ಇದ್ದರೆ ಅಂಗೈಯಗಲ ಕತ್ತರಿಸಿಕೊಂಡು ಬರಲಿ.